ಒಂದು ಬಲ್ಬು, ಎರಡು ಕೋಣೆ

ಉಳಿತಾಯ ಮಾಡುವುದು ತಪ್ಪಲ್ಲ. ಮಾಡಿದ್ದನ್ನು ಬಂದವರಿಗೆಲ್ಲ ತೋರಿಸಿ ಮೆರೆಯುತ್ತೇವಲ್ಲ, ಅಲ್ಲಿ ಕೆಡುತ್ತದೆ. ಇದು ನನ್ನ ಅನುಭವದ ಮಾತು. ಹೇಳುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡನೇ ಮಹಾಯುದ್ಧದ ಕಾಲ. ಹೊನ್ನಾಳಿಯ ನಮ್ಮ ಓಣಿಗೆ ಕರೆಂಟು ಬಂದಿತ್ತು, ಅಂಗಡಿಗೆ ಬಲ್ಬು ಬರುತ್ತಿರಲಿಲ್ಲ. ಹೇಗೋ ಸಂಪಾದಿಸಿದ ಒಂದೇ ಬಲ್ಬನ್ನು ಅಡುಗೆಮನೆಗೆ ಹಾಕುವುದೋ ಪಡಸಾಲೆಗೆ ಹಾಕುವುದೋ ಎಂದು ಮನೆಯಲ್ಲಿ ಜಟಾಪಟಿ ನಡೆದಾಗ, ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟ್ರಾದ ನಾನು ನಡುವಿನ ಗೋಡೆಗೇ ಕಿಂಡಿ ಕೊರೆಸಿ ಅದರಲ್ಲಿ ಬಲ್ಬು ತೂಗುಹಾಕಿಸಿದೆ. ಅಂಚುಗಳನ್ನು ಇಳಿಜಾರಾಗಿ ಕೆತ್ತಿಸಿ ಸುಣ್ಣ ಬಳಿಸಿದ್ದರಿಂದ ಬೆಳಕು ಎರಡೂ ಕಡೆ ಚೆನ್ನಾಗಿ ಹರಡುತ್ತಿತ್ತು. "ಅದಕ್ಕೊಂದು ಗಾಜು ಹಾಕಿಸ್ರೀ, ಒಗ್ಗರಣೆ ಹೊಗೆ ಪಡಸಾಲೆಗೆ ಹೋಗ್ತೈತೆ" ಎಂದಳು ಹೆಂಡತಿ ಗಿರಿಜೆ. ಗಾಜು ಬೆಳಕನ್ನು ನುಂಗುತ್ತದೆ ಎಂದು ಅವಳಿಗೆ ದೊಡ್ಡ ಪಾಠ ಮಾಡಿದೆ. ಅವಳು ಒಲೆಯ ಕಡೆ ತಿರುಗಿದಳು, ನಾನು ಗೆದ್ದೆನೆಂದುಕೊಂಡೆ.

ಒಂದು ಸಂಜೆ ತಂಗಿ ಶಾರದೆಯನ್ನು ನೋಡಲು ಜಗಳೂರಿನಿಂದ ಗಂಡಿನ ಕಡೆಯವರು ಬಂದರು. ಹಿಂದಿನ ಸಂಬಂಧ ತಪ್ಪಿಹೋದಾಗ ಅವಳು ಊಟ ಬಿಟ್ಟು ಅತ್ತಿದ್ದಳು. ಇದೂ ತಪ್ಪಿದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಬಂದವರಿಗೆ ಮೊದಲು ನನ್ನ ಕಿಂಡಿಯ ಮಹಿಮೆ ವಿವರಿಸಿದೆ. ಆಮೇಲೆ, "ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ರಿ, ನಿಮ್ಮನೆ ಅಂದ್ಕೊಳ್ರಿ" ಎಂದು ಉಪಚಾರಕ್ಕೆ ನಿಂತೆ. ಗಂಡಿನ ತಂದೆ ನನ್ನ ಮಾತು ಮೀರದೆ ಮತ್ತೆ ಮತ್ತೆ ಉಪ್ಪಿಟ್ಟು ಹಾಕಿಸಿಕೊಂಡರು. ಬರಿದಾದ ಪಾತ್ರೆ ಹಿಡಿದು ಅಡುಗೆಮನೆಗೆ ಬಂದವನೇ ಗಿರಿಜೆಗೆ ಹೇಳಿದೆ: "ಇವರೇನು ಹೆಣ್ಣು ನೋಡಾಕೆ ಬಂದಾರೋ, ಉಪ್ಪಿಟ್ಟು ತಿನ್ನಾಕೆ ಬಂದಾರೋ."

ಗಿರಿಜೆ ಕಿಂಡಿಯ ಕಡೆ ಕಣ್ಣು ತೋರಿಸಿದಳು. ಪಡಸಾಲೆಯಲ್ಲಿ ತಟ್ಟೆಗಳ ಸದ್ದು ನಿಂತಿತ್ತು. ಬೆಳಕು ಹೋಗುವ ದಾರಿಯಲ್ಲಿ ಮಾತೂ ಹೋಗುತ್ತದೆ ಎಂಬುದು ವಿಜ್ಞಾನದ ಮೇಷ್ಟ್ರಿಗೆ ಆಗ ಹೊಳೆಯಿತು. ಗಾಬರಿಯಲ್ಲಿ ಸ್ವಿಚ್ಚು ಆರಿಸಿಬಿಟ್ಟೆ. ಯಾಕೆಂದು ಕೇಳಬೇಡಿ, ನನ್ನ ಮುಖ ಯಾರಿಗೂ ಕಾಣಬಾರದು ಎನಿಸಿತು. ಎರಡೂ ಕೋಣೆಗಳು ಒಟ್ಟಿಗೆ ಕತ್ತಲಾದವು. "ಈಗೇನೇ ಮಾಡೋದು?" ಎಂದು ಗಿರಿಜೆಯ ಕಿವಿಯಲ್ಲಿ ಪಿಸುಗುಟ್ಟಿದೆ.

"ಮೊದಲು ದೀಪ ಹಾಕ್ರಿ ಮೇಷ್ಟ್ರೇ" ಎಂದು ಆಚೆಯಿಂದ ಗಂಡಿನ ತಂದೆಯ ದನಿ ಬಂತು. "ಉಪ್ಪಿಟ್ಟು ಸಾಕು. ಇನ್ನು ಹುಡುಗೀನ ನೋಡ್ಬೇಕಲ್ಲ."

ದೀಪ ಹಾಕಿದೆ. ಭೂಮಿ ಬಾಯಿ ಬಿಡುವ ಲಕ್ಷಣ ಕಾಣಲಿಲ್ಲವಾದ್ದರಿಂದ ಪಡಸಾಲೆಗೇ ಹೋಗಿ ತಲೆ ತಗ್ಗಿಸಿ ಕುಳಿತೆ. ಶಾರದೆ ಬಂದು ನಮಸ್ಕಾರ ಮಾಡಿದಳು. ಗಂಡಿನ ತಂದೆ ಅವಳನ್ನು ನೋಡಿದರು, ನನ್ನನ್ನೂ ನೋಡಿದರು.

"ನಮಗೆ ಒಪ್ಪಿಗೆ ಐತೆ" ಎಂದು ತಮ್ಮ ಕಡೆಯವರತ್ತ ತಿರುಗಿದರು. "ಈ ಕಿಂಡಿ ಕೊರೆಸಿದವ್ರೇ ಇವ್ರು. ಮಾತು ಆಚೆ ಹೋಗ್ತೈತೆ ಅಂತ ಇವ್ರಿಗೆ ಗೊತ್ತಿಲ್ದೆ ಇರ್ತೈತಾ? ನಮಗೆ ಕೇಳ್ಲಿ ಅಂತಾನೇ ಅಂದಾರೆ. ಹಿಂಗೆ ಮುಚ್ಚುಮರೆ ಇಲ್ಲದ ಜನ ಎಲ್ಲಿ ಸಿಗ್ತಾರೆ."

ಶಾರದೆ ಜಗಳೂರಿನಲ್ಲಿ ಸುಖವಾಗಿದ್ದಾಳೆ. ಬೀಗರು ಇಂದಿಗೂ ನಾಲ್ಕು ಜನರೆದುರು ನನ್ನ ನೇರ ನಡೆಯನ್ನು ಹೊಗಳುತ್ತಾರೆ. ನನಗೆ ಗೊತ್ತಿರಲಿಲ್ಲ ಸ್ವಾಮಿ ಎಂದು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು, ಆದರೆ ದಡ್ಡ ಎನ್ನಿಸಿಕೊಳ್ಳಲು ಮನಸ್ಸು ಬರುವುದಿಲ್ಲ. ಗಿರಿಜೆ ನೋಡುತ್ತಿರುವಾಗಲೇ, ನಾಚಿಕೆ ಬಿಟ್ಟು, ಹೌದು ಎಂಬಂತೆ ತಲೆಯಾಡಿಸುತ್ತೇನೆ.