ಓನರಮ್ಮನ ವಿಮಾನಯೋಗ

ವಿಮಾನ ಹತ್ತಿ ಮದ್ರಾಸಿಗೆ ಹೋಗಿಬಂದು ತಿಂಗಳುಗಳೇ ಕಳೆದಿದ್ದರೂ ನಾಗಸಂದ್ರದ ಅಶ್ವತ್ಥಮ್ಮ ತನ್ನ ಬ್ಯಾಗಿಗೆ ವಿಮಾನ ನಿಲ್ದಾಣದಲ್ಲಿ ಕಟ್ಟಿದ್ದ ಚೀಟಿಯನ್ನು ಬಿಚ್ಚಿರಲಿಲ್ಲ. ಸೊಪ್ಪು ತರಲು ಹೋದರೂ ಅದೇ ಬ್ಯಾಗು, ಸೀಮೆಎಣ್ಣೆ ಸಾಲಿನಲ್ಲಿ ನಿಂತರೂ ಅದೇ ಬ್ಯಾಗು. ಮದುವೆಮನೆಗಳಲ್ಲಂತೂ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚೀಟಿ ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ, ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳು. ಯಾರೂ ಕೇಳದಿದ್ದರೆ, "ಈ ಚೀಟಿ ಒಂದು ಕೈಗೆ ಚುಚ್ಚುತ್ತೆ ಕಣ್ರೀ" ಎಂದು ತಾನೇ ಶುರುಮಾಡುತ್ತಿದ್ದಳು.

ಆ ಚೀಟಿ ನಿಜವಾಗಿ ಚುಚ್ಚುತ್ತಿದ್ದುದು ಬಾಗಲಗುಂಟೆಯಲ್ಲಿದ್ದ ಅವಳ ವಾರಗಿತ್ತಿ ನಾಗಲಕ್ಷ್ಮಮ್ಮನಿಗೆ.

ಪೀಣ್ಯದ ಸುತ್ತ ಕಾರ್ಖಾನೆಗಳೆದ್ದು ಹೊಲಗಳು ಹೋದಾಗ ಇವರಿಬ್ಬರ ಗಂಡಂದಿರಾದ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಅಣ್ಣ ಹನುಮಂತರಾಯಪ್ಪ ನಾಗಸಂದ್ರದಲ್ಲಿ ಶೀಟಿನ ಮನೆ ಕಟ್ಟಿಕೊಂಡು, ಎಮ್ಮೆ ಸಾಕಿ, ಕಾರ್ಖಾನೆಯೊಂದರ ಕ್ಯಾಂಟೀನಿಗೆ ಹಾಲು ಹಾಕತೊಡಗಿದ. ತಮ್ಮ ರಾಮಾಂಜಿನಪ್ಪ ಹೆಂಡತಿಯ ಮಾತು ಕೇಳಿ (ಬೇರೆ ಯಾರ ಮಾತು ಕೇಳುವ ಅಭ್ಯಾಸವೂ ಅವನಿಗಿರಲಿಲ್ಲ) ಮಹಡಿ ಮನೆ ಕಟ್ಟಿಸಿ, ಹಿಂದುಗಡೆ ಸಾಲುಮನೆಗಳ ವಠಾರ ಎಬ್ಬಿಸಿ ಬಾಡಿಗೆಗೆ ಕೊಟ್ಟ. ಅಂದಿನಿಂದ ನಾಗಲಕ್ಷ್ಮಮ್ಮ ಬಾಗಲಗುಂಟೆಗೆಲ್ಲ 'ಓನರಮ್ಮ'. ಬಳಗದಲ್ಲಿ ಮಹಡಿ ಮನೆ ಇದ್ದದ್ದು ಅವಳೊಬ್ಬಳಿಗೇ. ಹೊಸಬರು ಯಾರೇ ಬರಲಿ, ಮೊದಲು ಮೆಟ್ಟಿಲು ಹತ್ತಿಸಿ ತಾರಸಿ ತೋರಿಸಿ ಆಮೇಲೆ ನೀರು ಕೊಡುತ್ತಿದ್ದಳು.

ಅಂಥ ಮನೆಯ ಮಾನವನ್ನು ಅಶ್ವತ್ಥಮ್ಮ ಒಂದು ನಾಮಕರಣದ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿಗೆ ಕಳೆದುಬಿಟ್ಟಳು.

"ಮೇಲಿಂದ ನಿಮ್ಮನೆ ನೋಡ್ದೆ ಕಣೇ ನಾಗೂ. ಬೆಂಕಿಪೊಟ್ಟಣದಂಗೆ ಕಾಣ್ತು!"

ಪಂಕ್ತಿಯೆಲ್ಲ ನಕ್ಕಿತು. ನಾಗಲಕ್ಷ್ಮಮ್ಮನ ಎಲೆಯ ಮೇಲೆ ಬಿದ್ದ ಪಾಯಸ ಹಾಗೇ ಹರಿದುಹೋಯಿತು.

"ನಿಮ್ಮನೆ ಹೆಂಗೆ ಕಾಣ್ತಕ್ಕಾ?"

"ಅದನ್ನ ನೋಡೋಷ್ಟರಲ್ಲಿ ಮೋಡ ಅಡ್ಡ ಬಂತು."

ನಂಬದೆ ಇರುವ ಹಾಗೂ ಇರಲಿಲ್ಲ. ದಿನಾ ಬೆಳಗ್ಗೆ ಒಂದು ವಿಮಾನ ಗುಯ್ಯೆಂದು ಬಾಗಲಗುಂಟೆಯ ತಲೆಯ ಮೇಲೇ ಹೋಗುತ್ತಿತ್ತು. ಅದರ ಸದ್ದು ಕೇಳಿಯೇ ವಠಾರದವರು ಫಸ್ಟ್ ಶಿಫ್ಟಿಗೆ ಹೊತ್ತಾಯಿತೆಂದು ಓಡುತ್ತಿದ್ದರು. ಅಶ್ವತ್ಥಮ್ಮ ಅದರೊಳಗೆ ಕೂತು ತನ್ನ ಮಹಡಿ ಮನೆಯನ್ನು ಕಡ್ಡಿ ಗೀರುವ ಡಬ್ಬಿಯ ಹಾಗೆ ನೋಡಿದಳಲ್ಲ ಎಂದು ನಾಗಲಕ್ಷ್ಮಮ್ಮನಿಗೆ ಹೊಟ್ಟೆ ಉರಿದುಹೋಯಿತು. ಅವತ್ತಿನಿಂದ ವಿಮಾನದ ಸದ್ದು ಕೇಳಿದರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಎಮ್ಮೆ ಸಾಕಿದವಳು ವಿಮಾನ ಹತ್ತಿದ್ದು ಹೇಗೆ? ಉದಯಗಿರಿ ಟೀ ಎಂಬ ಕಂಪನಿಯವರು ಪೊಟ್ಟಣದ ಮೇಲೆ ಕೆಂಪು ಸೂರ್ಯನ ಚಿತ್ರ ಅಚ್ಚುಹಾಕುತ್ತಿದ್ದರು. ಅದನ್ನು ಕತ್ತರಿಸಿ ಕೂಡಿಟ್ಟು ಅವರ ಆಫೀಸಿಗೆ ಒಯ್ದರೆ ಒಂದೊಂದು ಸೂರ್ಯನಿಗೂ ಪಾಯಿಂಟು. ಸ್ವಲ್ಪ ಪಾಯಿಂಟಿಗೆ ಸ್ಟೀಲ್ ಲೋಟ, ಇನ್ನಷ್ಟಕ್ಕೆ ಪ್ರೆಶರ್ ಕುಕ್ಕರ್, ಬುಟ್ಟಿ ತುಂಬಿದರೆ ಮದ್ರಾಸಿಗೆ ವಿಮಾನದ ಟಿಕೇಟು, ಅದರ ಎರಡರಷ್ಟು ತಂದರೆ ಬೊಂಬಾಯಿಗೆ. ಅಶ್ವತ್ಥಮ್ಮ ಟೀ ಕುಡಿದು ಗಳಿಸಿದವಳಲ್ಲ. ಗಂಡ ಹಾಲು ಹಾಕುವ ಕ್ಯಾಂಟೀನಿನಲ್ಲಿ ಎಸೆಯುತ್ತಿದ್ದ ಖಾಲಿ ಪೊಟ್ಟಣಗಳನ್ನು ಹಾಲಿನ ಕ್ಯಾನಿನಲ್ಲಿ ತುಂಬಿಸಿಕೊಂಡು ತರಿಸಿದ್ದಳು.

"ನನಗೊಂದು ಮಾತು ಹೇಳಬಾರದಿತ್ತಾ ಅಕ್ಕಾ?" ಎಂದರೆ, "ನೀವು ಕಾಪಿ ಕುಡಿಯೋರಲ್ವಾ, ಅದಕ್ಕೇ ಹೇಳ್ಲಿಲ್ಲ" ಎಂಬ ಉತ್ತರ ಬಂತು.

ಆ ಕ್ಷಣದಿಂದ ಓನರಮ್ಮನ ಮನೆಯಲ್ಲಿ ಕಾಫಿಗೆ ಬಹಿಷ್ಕಾರ ಬಿತ್ತು. ಕಾಫಿ ಫಿಲ್ಟರು ಅಟ್ಟ ಸೇರಿತು. ಒಲೆಯ ಮೇಲೆ ಮೂರು ಹೊತ್ತೂ ಉದಯಗಿರಿ ಕುದಿಯತೊಡಗಿತು. ರಾಮಾಂಜಿನಪ್ಪ ಎದ್ದರೆ ಟೀ, ಕೂತರೆ ಟೀ, ಕೆಮ್ಮಿದರೂ ಟೀ. ಅವನ ಕೈ ಎಷ್ಟು ನಡುಗತೊಡಗಿತೆಂದರೆ, ಕ್ಷೌರಕ್ಕೆ ಕೂತಾಗ ತಲೆಯೂ ಸೇರಿ ನಡುಗಿ ಕ್ಷೌರಿಕ ಅರ್ಧ ಮೀಸೆಗೇ ಕತ್ತರಿ ಕೆಳಗಿಟ್ಟ. ಮನೆಗೆ ಬಂದ ನೆಂಟರಿಗೆ ಎರಡನೇ ಲೋಟ ಮುಗಿಯುವ ಮೊದಲೇ ಮೂರನೆಯದು ಬರುತ್ತಿದ್ದುದರಿಂದ ನೆಂಟರು ಬರುವುದನ್ನೇ ನಿಲ್ಲಿಸಿದರು.

ಎಲ್ಲರಿಗಿಂತ ಕಷ್ಟಕ್ಕೆ ಬಿದ್ದವಳು ಅತ್ತೆ ಪಿಳ್ಳಮ್ಮ. ಬೆಳಗಿನ ಕಾಫಿ ಇಲ್ಲದೆ ಆಕೆ ಕಣ್ಣನ್ನೇ ಬಿಡುತ್ತಿರಲಿಲ್ಲ.

"ಇದೇನೇ ಇದು, ಕೆಮ್ಮಣ್ಣು ಕದಡಿದಂಗದೆ! ನಂಗೆ ಕಾಪಿ ಕೊಡು."

"ಸ್ವಲ್ಪ ದಿನ ತಡ್ಕಳಿ ಅತ್ತೆ. ನಿಮ್ಮ ಸೊಸೆ ಮೋಡದ ಮೇಲೆ ಹೋಗ್ತಾಳೆ."

"ಇಂಗೇ ಕುಡಿಸ್ತಿದ್ರೆ ನಿನಗಿಂತ ಮುಂಚೆ ನಾನೇ ಮೇಲಕ್ಕೆ ಓಗ್ತೀನಿ ಬುಡು. ನಂಗೆ ಟಿಕೇಟೂ ಬೇಕಾಗಿಲ್ಲ. ನೋಡು, ದೊಡ್ಡ ಸೊಸೆ ಇಮಾನ ಅತ್ತಿದ್ರೂ ಅವಳ ಮನೇಲಿ ಇವತ್ತಿಗೂ ಕಾಪಿನೇ."

ಈ ಮಾತು ನಾಗಲಕ್ಷ್ಮಮ್ಮನ ಉರಿಗೆ ಇನ್ನೊಂದಿಷ್ಟು ಎಣ್ಣೆ ಸುರಿಯಿತು. ಒಂದು ಮನೆಯವರು ಎಷ್ಟೇ ಕುಡಿದರೂ ಬುಟ್ಟಿ ತುಂಬುವ ಸೂಚನೆ ಕಾಣಲಿಲ್ಲ. ಗಂಡನನ್ನು ಬೇರೊಂದು ಕಾರ್ಖಾನೆಯ ಗೇಟಿಗೆ ಅಟ್ಟಿದಳು. ಚೀಲ ಹಿಡಿದು ಖಾಲಿ ಪೊಟ್ಟಣ ಕೇಳಿದ ರಾಮಾಂಜಿನಪ್ಪನಿಗೆ ವಾಚ್‌ಮನ್, "ರದ್ದಿ ಟೆಂಡರ್ ಆಗೋಗದೆ ಕಣಣ್ಣ, ಮುಂದಿನ ವರ್ಷ ಬಾ" ಎಂದು ಕಳಿಸಿದ.

ಆಗ ನಾಗಲಕ್ಷ್ಮಮ್ಮನಿಗೆ ನೆನಪಾದದ್ದು ವಠಾರದ ನಲ್ಲಿ. ಬೋರಿನ ಮೋಟಾರು ಸ್ವಿಚ್ಚಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ. ಮರುದಿನ ಬೆಳಗ್ಗೆ ಬಿಂದಿಗೆ ಹಿಡಿದು ನಿಂತ ಬಾಡಿಗೆದಾರರ ಮುಂದೆ ಬುಟ್ಟಿ ಹಿಡಿದು ನಿಂತಳು.

"ಇವತ್ತಿಂದ ಸೂರ್ಯ ಹಾಕಿದೋರಿಗೇ ನೀರು."

ಲೇತ್ ಕೆಲಸದ ಚಿನ್ನಪ್ಪ ಆಕಾಶ ತೋರಿಸಿದ. "ಅಗೋ ಓನರಮ್ಮ, ಮೂಡ್ತಾ ಅವ್ನಲ್ಲ!"

"ಅವನಲ್ಲ, ಉದಯಗಿರಿಯವನು."

"ನಮ್ಮೋರಿಗೆ ಟೀ ಕುಡಿದ್ರೆ ಪಿತ್ತ ಓನರಮ್ಮ" ಎಂದಳು ಚಿನ್ನಪ್ಪನ ಹೆಂಡತಿ ಭದ್ರಮ್ಮ.

"ಕುಡಿಬೇಡಿ. ತಂದು ಚೆಲ್ಲಿ. ನನಗೆ ಪೊಟ್ಟಣ ಕೊಡಿ."

ಹೀಗೆ ವಠಾರವೆಲ್ಲ ಉದಯಗಿರಿಮಯವಾಯಿತು. ಸ್ನಾನ ಬೇಕೆಂದವರು ಟೀ ಕುಡಿದರು. ಬಟ್ಟೆ ಒಗೆಯುವ ದಿನ ಮಕ್ಕಳೂ ಕುಡಿದವು. ಬುಟ್ಟಿ ಮುಕ್ಕಾಲು ತುಂಬಿದಾಗ ಪಿಳ್ಳಮ್ಮ, "ಕುಕ್ಕರ್ ಈಸ್ಕೊಂಡು ಸುಮ್ನಾಗೇ ತಾಯಿ" ಎಂದು ಕೈಮುಗಿದಳು. ಕುಕ್ಕರಿನಲ್ಲಿ ಕೂತು ಮೇಲೆ ಹೋಗೋಕಾಗತ್ತಾ ಎಂದು ನಾಗಲಕ್ಷ್ಮಮ್ಮ ಗದರಿಸಿದಳು.

ಕೊನೆಗೂ ಬುಟ್ಟಿ ತುಂಬಿತು. ಮದ್ರಾಸಿಗೆ ಒಂದು ಟಿಕೇಟು ಬಂತು. ಹೋಗುವುದಕ್ಕೆ ಮಾತ್ರ; ಬರುವಾಗ ರೈಲು. ಅಲ್ಲಿ ಇಳಿಸಿಕೊಳ್ಳಲು ಅವಳ ತಮ್ಮ ನಲ್ಲಪ್ಪ ಇದ್ದ. ಅವಳಿಗೆ ಮದ್ರಾಸು ಬೇಕಾಗಿರಲಿಲ್ಲ, ಸಮುದ್ರವೂ ಬೇಕಾಗಿರಲಿಲ್ಲ. ಮೇಲಿನಿಂದ ನೋಡಬೇಕು: ತನ್ನದು ದೊಡ್ಡದಾಗಿ, ಅಕ್ಕನ ಶೀಟಿನ ಮನೆ ಇದ್ದೂ ಇಲ್ಲದ ಹಾಗೆ ಕಾಣಬೇಕು. ಬಂದು ಅದನ್ನು ಪಂಕ್ತಿಯಲ್ಲಿ, ಅದೂ ಪಾಯಸದ ಹೊತ್ತಿಗೇ ಹೇಳಬೇಕು.

"ಏನ್ರೀ, ತಾರಸಿಗೆಲ್ಲ ಕೆಂಪು ಬಣ್ಣ ಬಳೀರಿ. ಅಷ್ಟು ಮೇಲಿಂದ ಗುರುತು ಸಿಗಬೇಕಲ್ಲ."

ರಾಮಾಂಜಿನಪ್ಪ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಅದಕ್ಕೆ ಟೀ ಹಿಡಿದಳು. ಅವನು ಕುಡಿದು, ಬಿಸಿಲಿನಲ್ಲಿ ಕೂತು, ನಡುಗುವ ಕೈಯಲ್ಲೇ ತಾರಸಿಯನ್ನೆಲ್ಲ ಕೆಂಪು ಮಾಡಿದ.

ಹೊರಡುವ ದಿನ ಭದ್ರಮ್ಮ ಆರತಿ ಎತ್ತಿದಳು. "ತಲೆ ಮೇಲೆ ವಿಮಾನ ಬಂದಾಗ ಎಲ್ಲರೂ ಮಹಡಿ ಮೇಲೆ ನಿಂತು ಕೈಬೀಸಿ, ನಾನೂ ಬೀಸ್ತೀನಿ" ಎಂದು ಅಪ್ಪಣೆ ಕೊಟ್ಟು ನಾಗಲಕ್ಷ್ಮಮ್ಮ ಕೆಂಪು ರೇಷ್ಮೆ ಸೀರೆಯಲ್ಲಿ ಆಟೋ ಹತ್ತಿದಳು.

ವಿಮಾನದಲ್ಲಿ ಗಗನಸಖಿ ಪೆಪ್ಪರಮಿಂಟೂ ಕಿವಿಗೆ ಇಟ್ಟುಕೊಳ್ಳುವ ಹತ್ತಿಯೂ ಇದ್ದ ತಟ್ಟೆ ಹಿಡಿದಳು. ನಾಗಲಕ್ಷ್ಮಮ್ಮ ಪೆಪ್ಪರಮಿಂಟನ್ನು ಊರಲ್ಲಿ ಹಂಚಲೆಂದು ಸೆರಗಿಗೆ ಗಂಟುಹಾಕಿದಳು. ಕಿಟಕಿಯ ಪಕ್ಕದಲ್ಲಿದ್ದ ಕೋಟಿನ ಹಿರಿಯರನ್ನು ಕಾಡಿ ಬೇಡಿ ಎಬ್ಬಿಸಿ ಆ ಜಾಗದಲ್ಲಿ ಕೂತಳು. ವಿಮಾನ ಎದ್ದಾಗ ಎರಡೂ ಕೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದಳು. ಆದರೂ ಅವಳು ಕಣ್ಣು ಮುಚ್ಚಲಿಲ್ಲ. ಬುಟ್ಟಿ ತುಂಬಾ ಸೂರ್ಯ ಕೂಡಿಸಿದ್ದು ಕಣ್ಣು ಮುಚ್ಚುವುದಕ್ಕಲ್ಲವಲ್ಲ.

ಕೆಳಗೆ ಮನೆಗಳು ಬಂದವು, ಹೋದವು. ತೋಟಗಳು ಬಂದವು. ಕೆಂಪು ತಾರಸಿ ಬರಲಿಲ್ಲ. ಎದುರಿನಿಂದ ಬೆಳಗಿನ ಬಿಸಿಲು ಹೊಡೆಯುತ್ತಿತ್ತು.

"ಸಾರ್, ಬಾಗಲಗುಂಟೆ ಯಾವಾಗ ಬರತ್ತೆ?"

ಹಿರಿಯರು ಪೇಪರು ಕೆಳಗಿಳಿಸಿದರು. "ಬಾಗಲಗುಂಟೆನಾ? ತುಮಕೂರು ರಸ್ತೆ ಕಡೆದಲ್ವೇನಮ್ಮ ಅದು? ನಾವು ಮೂಡಲಕ್ಕೆ ಹೋಗ್ತಿದೀವಿ. ಅಲ್ಲಿ ನೋಡಿ, ಹೊಸಕೋಟೆ ಕೆರೆ."

"ಮದ್ರಾಸ್ ವಿಮಾನ ನಮ್ಮನೆ ಮೇಲೇ ಹೋಗತ್ತೆ ಸಾರ್. ದಿನಾ ಬೆಳಗ್ಗೆ ನೋಡ್ತೀವಲ್ಲ!"

"ಅದು ಬೊಂಬಾಯಿದಮ್ಮ. ಇದು ಯಾವತ್ತೂ ಆ ಕಡೆ ಹೋಗಲ್ಲ."

ನಾಗಲಕ್ಷ್ಮಮ್ಮ ಗಗನಸಖಿಯನ್ನು ಕರೆದು, "ಡ್ರೈವರ್‌ಗೆ ಹೇಳಿ ಸ್ವಲ್ಪ ಆ ಕಡೆ ತಿರುಗಿಸ್ಕೊಂಡು ಹೋಗೋಕಾಗಲ್ವಾ?" ಎಂದು ಕೇಳಿದಳು. ಆ ಹುಡುಗಿ ನಕ್ಕು ಇನ್ನೊಂದು ಪೆಪ್ಪರಮಿಂಟು ಕೊಟ್ಟಳು.

ವಠಾರದವರ ನೀರು, ಗಂಡನ ನಿದ್ದೆ, ಅತ್ತೆಯ ಕಾಫಿ, ಕೆಂಪು ಬಣ್ಣ, ಎಲ್ಲವೂ ಹೊಸಕೋಟೆ ಕೆರೆಯ ಪಾಲಾಯಿತೆಂದು ಅವಳಿಗೆ ಅಳು ಬಂತು. ಅರ್ಧ ಅಳುವಾಗ ಥಟ್ಟನೆ ಒಂದು ವಿಚಾರ ಹೊಳೆದು ಅಳು ನಿಂತುಹೋಯಿತು. ಹಾಗಾದರೆ ಅಕ್ಕನೂ ನೋಡಿಲ್ಲ! ಬೆಂಕಿಪೊಟ್ಟಣವೂ ಸುಳ್ಳು, ಅಡ್ಡ ಬಂದ ಮೋಡವೂ ಸುಳ್ಳು! ಅವಳಿಗೆ ಆದ ಖುಷಿಗೆ ಹಂಚಲೆಂದು ಇಟ್ಟಿದ್ದ ಪೆಪ್ಪರಮಿಂಟನ್ನು ಬಿಚ್ಚಿ ತಾನೇ ತಿಂದಳು. ಮದ್ರಾಸಿನಲ್ಲಿ ಸಮುದ್ರದ ಮುಂದೆ ನಿಂತಾಗಲೂ, ವಾಪಸು ರೈಲಿನಲ್ಲಿ ಕೂತಾಗಲೂ ಅವಳು ಒಂದೇ ಮಾತನ್ನು ಉರು ಹೊಡೆಯುತ್ತಿದ್ದಳು: "ಅಕ್ಕಾ, ಮದ್ರಾಸ್ ವಿಮಾನ ನಮ್ಮ ಕಡೆ ಬರೋದೇ ಇಲ್ಲವಂತಲ್ಲ?"

ಮನೆ ಮುಂದೆ ಆಟೋ ನಿಂತಾಗ ವಠಾರವೆಲ್ಲ ಸೇರಿತ್ತು. ಅಶ್ವತ್ಥಮ್ಮನೂ ಬಂದು ಜಗಲಿಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಬ್ಯಾಗು. ನಾಗಲಕ್ಷ್ಮಮ್ಮ ತನ್ನ ಬ್ಯಾಗಿನ ಹೊಸ ಚೀಟಿಯನ್ನು ಮುಂದಕ್ಕೆ ತಿರುಗಿಸಿಕೊಂಡು ಇಳಿದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಭದ್ರಮ್ಮ ಓಡಿಬಂದು ಕೈಹಿಡಿದಳು. "ನೋಡಿದ್ವಿ ಓನರಮ್ಮ! ಕಿಟಕೀಲಿ ಕೆಂಪು ಸೀರೆ ಕಾಣ್ತು! ನೀವು ಕೈ ಬೀಸಿದ್ದೂ ಕಾಣ್ತು!"

"ನಾನೂ ನೋಡ್ದೆ" ಎಂದ ಚಿನ್ನಪ್ಪ. "ನಮ್ಮನೆ ಮೇಲೆ ಬಂದಾಗ ಸ್ವಲ್ಪ ನಿಧಾನ ಮಾಡಿದ್ರು."

ಬೀದಿಯವರು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಇಂಥ ನೋಟಕ್ಕಾಗಿಯೇ ಅಲ್ಲವೇ ಅವಳು ಇಷ್ಟೆಲ್ಲ ಮಾಡಿದ್ದು? ಅಕ್ಕನ ಸುಳ್ಳನ್ನು ಬಯಲು ಮಾಡಿದರೆ ತನ್ನ ಕೆಂಪು ಸೀರೆಯೂ ಅದರ ಜೊತೆಯಲ್ಲೇ ಹೋಗುತ್ತದೆ. ನಾಗಲಕ್ಷ್ಮಮ್ಮ ಉರು ಹೊಡೆದಿದ್ದ ಮಾತನ್ನು ನುಂಗಿದಳು. ಅಶ್ವತ್ಥಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಮೊದಲು ಸ್ವಲ್ಪ ಬೆವರಿದ್ದಳು. ಆಮೇಲೆ ವಾರಗಿತ್ತಿಯ ಸಂಕಟ ಅರ್ಥವಾಗಿ ಮುಖ ಅರಳಿತು.

"ಹೇಳೇ ನಾಗೂ, ನಾನು ಹೇಳಿದಂಗೇ ಕಾಣ್ತಲ್ವಾ ನಿಮ್ಮನೆ?"

ಎಲ್ಲರೂ ಕಾದರು.

"ಹೂಂ ಅಕ್ಕಾ" ಎಂದಳು ನಾಗಲಕ್ಷ್ಮಮ್ಮ, ತನ್ನ ಬಾಯಿಂದಲೇ. "ಬೆಂಕಿಪೊಟ್ಟಣದಂಗೇ."

"ನಮ್ಮನೆ?"

"...ಮೋಡ ಅಡ್ಡ ಬಂತು."

ಅಶ್ವತ್ಥಮ್ಮ ಸಮಾಧಾನವಾಗಿ ಎದ್ದಳು. ಹೊರಡುವಾಗ ಗೇಟಿನ ಹತ್ತಿರ ನಿಂತು, "ಈಗ ಬೊಂಬಾಯಿಗೆ ಕೂಡಿಸ್ತಿದೀನಿ ಕಣೇ. ಅದು ಸರಿಯಾಗಿ ನಿಮ್ಮ ತಾರಸಿ ಮೇಲೇ ಹೋಗತ್ತಂತೆ" ಎಂದಳು.

ಎಲ್ಲರೂ ಹೋದ ಮೇಲೆ ರಾಮಾಂಜಿನಪ್ಪ ಹೆಂಡತಿಯ ಪಕ್ಕ ಬಂದು ಕೂತ. "ಮದ್ರಾಸು ಮೂಡಲ ದಿಕ್ಕಲ್ವಾ. ನಂಗೆ ಮೊದಲೇ ಗೊತ್ತಿತ್ತು."

"ಮತ್ಯಾಕ್ರೀ ಬೊಗಳಲಿಲ್ಲ?"

"ಹೇಳಿದ್ರೆ ಬೊಂಬಾಯೇ ಬೇಕು ಅಂತಿದ್ದೆ. ಅದಕ್ಕೆ ಎರಡರಷ್ಟು ಟೀ. ನನ್ನ ಕೈಲಿ ಆಗ್ತಿರಲಿಲ್ಲ ಕಣೇ."

ನಾಗಲಕ್ಷ್ಮಮ್ಮ ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಉದಯಗಿರಿ ಕುದಿಯುವ ವಾಸನೆ ಬಂತು. ರಾಮಾಂಜಿನಪ್ಪನ ಕೈ ತಾನಾಗಿಯೇ ನಡುಗತೊಡಗಿತು.

ಆ ವಾಸನೆ ಮೂಲೆಯಲ್ಲಿ ಮಲಗಿದ್ದ ಪಿಳ್ಳಮ್ಮನಿಗೂ ತಲುಪಿತು. ಮುದುಕಿ ಎದ್ದು ಎರಡು ಸೀರೆ, ಎಲೆಅಡಿಕೆ ಚೀಲ ಸೇರಿಸಿ ಗಂಟು ಕಟ್ಟಿದಳು. ಸೊಸೆಯ ಬ್ಯಾಗಿನಿಂದ ವಿಮಾನದ ಚೀಟಿ ಬಿಚ್ಚಿ ತನ್ನ ಗಂಟಿಗೆ ಸಿಕ್ಕಿಸಿಕೊಂಡಳು.

"ಅತ್ತೆ! ಎಲ್ಲಿಗೆ?"

"ನಾಗಸಂದ್ರಕ್ಕೆ. ಅಲ್ಲಿ ಕಾಪಿ ಸಿಗ್ತದೆ."

"ಚೀಟಿ ಯಾಕೆ?"

"ಇಷ್ಟು ದಿನ ಟೀ ಕುಡಿದಿದೀನಿ. ನಂದೂ ಒಸಿ ಪಾಯಿಂಟು ಇರಲ್ವಾ ಅದರಾಗೆ?"

ಪಿಳ್ಳಮ್ಮ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಚೀಟಿ ಬೀದಿಗೆಲ್ಲ ಕಾಣುವ ಹಾಗೆ, ದೊಡ್ಡ ಸೊಸೆಯ ಮನೆಯ ಕಡೆ ಹೊರಟಳು. ನಾಗಲಕ್ಷ್ಮಮ್ಮ ಕೆಂಪು ತಾರಸಿ ಹತ್ತಿ, ಆ ಚೀಟಿ ಸಣ್ಣದಾಗಿ ಸಣ್ಣದಾಗಿ ನಾಗಸಂದ್ರದ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತಳು. ಅವತ್ತು ಮೋಡ ಒಂದೂ ಅಡ್ಡ ಬರಲಿಲ್ಲ.