ತವರಿಗೆ ಹೋದ ಸೊಸೆಯ ಪುಟಸಂಖ್ಯೆ ಕೋರಿ

ವ್ಯಾಖ್ಯಾನಗ್ರಂಥ ಶಿಫಾರಸು ಸಮಿತಿಯ ಮಾನ್ಯ ಅಧ್ಯಕ್ಷರಿಗೆ, ಮಾನ್ಯ ಸದಸ್ಯರಿಗೆ, ಹಾಗೂ ಸಮಿತಿಯ ಪಟ್ಟಿಯಲ್ಲಿ ಪುಸ್ತಕಗಳ ಎದುರು ನಕ್ಷತ್ರ ಹಾಕುವ ಆ ಮಾನ್ಯ ಕೈಗಳಿಗೆ,

ಮಾನ್ಯರೇ, ವಾರವಿಡೀ ಶಾಲೆಯಲ್ಲಿ ಭೂಗೋಳ ಕಲಿಸಿ, ಭಾನುವಾರ ಮಧ್ಯಾಹ್ನ ಪ್ರಾರ್ಥನಾಲಯದ ಹಿಂಬದಿಯ ಕೋಣೆಯಲ್ಲಿ ಹನ್ನೊಂದು ಮಂದಿ ಹೆಂಗಸರಿಗೆ ಧರ್ಮಗ್ರಂಥ ಕಲಿಸುವ ಬಡಪಾಯಿ ಬೋಧಕಿಯೊಬ್ಬಳ ಸವಿನಯ ವಂದನೆಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರದೆ ಏನು, ತಮ್ಮ ಪಟ್ಟಿಯ ಪುಸ್ತಕಗಳನ್ನು ಹೊತ್ತುಕೊಂಡು ಬಸ್ಸು ಹತ್ತುವವರು ತಾವಲ್ಲವಲ್ಲ.

ಈ ವರ್ಷ ನಾವು ಹೀಬ್ರೂ ಧರ್ಮಗ್ರಂಥದ ಒಂದು ಪುಟ್ಟ ಪುಸ್ತಕವನ್ನು ಕೈಗೆತ್ತಿಕೊಂಡೆವು. ನಾಲ್ಕೇ ಅಧ್ಯಾಯ, ಹರವಿದ ಬಟ್ಟೆ ಒಣಗುವಷ್ಟರಲ್ಲಿ ಎರಡು ಸಲ ಓದಿ ಮುಗಿಸಬಹುದು. ಹೊಟ್ಟೆಪಾಡಿಗೆ ಪರದೇಶಕ್ಕೆ ಹೋದ ಹೆಂಗಸೊಬ್ಬಳು ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ತನ್ನೂರಿಗೆ ಹೊರಡುತ್ತಾಳೆ. ವಿಧವೆಯರಾದ ಸೊಸೆಯರಿಬ್ಬರೂ ಜೊತೆಗೆ ಹೊರಡುತ್ತಾರೆ. ನೀವು ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ ಎಂದು ಅತ್ತೆ ದಾರಿಯಲ್ಲಿ ಹೇಳುತ್ತಾಳೆ. ಒಬ್ಬಳು ಅತ್ತು, ಅತ್ತೆಗೆ ಮುತ್ತಿಟ್ಟು ಹಿಂದಿರುಗುತ್ತಾಳೆ, ಇನ್ನೊಬ್ಬಳು ಬಿಡದೆ ಅಂಟಿಕೊಳ್ಳುತ್ತಾಳೆ. ಅಂಟಿಕೊಂಡವಳ ಹೆಸರಿನಲ್ಲಿ ಇಡೀ ಪುಸ್ತಕವೇ ಇದೆ, ಹಿಂದಿರುಗಿದವಳು ಮೊದಲ ಅಧ್ಯಾಯದಲ್ಲೇ ಮಾಯ.

ನಮ್ಮ ತರಗತಿಯಲ್ಲೂ ಒಂದೇ ಬೆಂಚಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ ಕೂರುತ್ತಿದ್ದರು. ಅತ್ತೆ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುವವರು, ಸೊಸೆ ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವಳು. ಒಬ್ಬರಿಗೆ ಮಗ, ಇನ್ನೊಬ್ಬಳಿಗೆ ಗಂಡ ಆಗಿದ್ದವನು ತೀರಿಕೊಂಡು ಎರಡು ವರ್ಷವಾಗಿತ್ತು. ಹುಡುಗಿಯ ತಾಯಿ ಮನೆಗೆ ಬಾ ಎಂದು ಕರೆಯುತ್ತಿದ್ದರು, ಅತ್ತೆಯೂ ಹೋಗು ಎನ್ನುತ್ತಿದ್ದರು, ಅವಳ ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ. ಈ ಕಥೆ ಓದಿದ ಭಾನುವಾರ ಅವಳು ಎದ್ದು ನಿಂತು, ನನ್ನ ಮುಖ ನೋಡದೆ, "ಟೀಚರ್, ವಾಪಸ್ ಹೋದ ಸೊಸೆ ಮಾಡಿದ್ದು ತಪ್ಪಾ?" ಎಂದು ಕೇಳಿದಳು. ಮುಂದಿನ ವಾರ ವ್ಯಾಖ್ಯಾನ ನೋಡಿ ಹೇಳುತ್ತೇನಮ್ಮ ಎಂದೆ. ತಪ್ಪಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅಡಿಟಿಪ್ಪಣಿಯಿಲ್ಲದ ಅಭಿಪ್ರಾಯವನ್ನು ಬೋಧಕರು ಬಾಯಿಂದ ಹೊರಗೆ ಬಿಡಬಾರದೆಂಬ ಶಿಸ್ತನ್ನು ನಾನು ತಮ್ಮ ಪಟ್ಟಿಯ ಮುನ್ನುಡಿಯಿಂದಲೇ ಕಲಿತವಳು.

ಮೊದಲ ವಾರ, ತಾವು ಐದು ನಕ್ಷತ್ರ ಕೊಟ್ಟು 'ಪಂಡಿತರಿಗೆ ಅನಿವಾರ್ಯ' ಎಂದು ಕರೆದ ಮಹಾಸಂಪುಟವನ್ನು ತಂದೆ. ಎಂಟುನೂರ ನಲವತ್ತು ಪುಟ. ನೂರಾ ಹನ್ನೆರಡನೆಯ ಪುಟ ದಾಟಿದರೂ ಆ ಕುಟುಂಬ ಇನ್ನೂ ಮನೆಬಾಗಿಲು ದಾಟಿರಲಿಲ್ಲ; ಅವರ ಹಸಿವು ಯಾವ ಶತಮಾನದ್ದೆಂದು ಇಬ್ಬರು ವಿದ್ವಾಂಸರು ಹೊಸ್ತಿಲಲ್ಲಿ ನಿಂತು ಜಗಳವಾಡುತ್ತಿದ್ದರು. ಕೊನೆಗೂ ಸೊಸೆ ಹಿಂದಿರುಗುವ ಆ ವಚನ ಬಂತು, ಒಂದೇ ಸಾಲಿನ ವಿವರಣೆಯೊಂದಿಗೆ: ಈ ಕುರಿತು ಬೋಧಕರ ಆವೃತ್ತಿಯಲ್ಲಿ ಸಮಗ್ರ ಚರ್ಚೆಯಿದೆ, ನೋಡಿ. ಎರಡನೆಯ ವಾರ, ನಾಲ್ಕು ನಕ್ಷತ್ರದ ಆ ಬೋಧಕರ ಆವೃತ್ತಿಯನ್ನು ನೋಡಿದೆ. ಸಾಮಾನ್ಯ ಓದುಗರಿಗಾಗಿ ಬರೆದ ಕೈಪಿಡಿ ಇದನ್ನು ಮನಮುಟ್ಟುವಂತೆ ವಿವರಿಸಿದೆ, ನೋಡಿ ಎಂದಿತ್ತು. ಮೂರನೆಯ ವಾರ, ಮೂರು ನಕ್ಷತ್ರದ ಆ ಕೈಪಿಡಿಯನ್ನೂ ನೋಡಿದೆ. ಪ್ರತಿ ಪುಟದ ಕೊನೆಗೆ 'ಆಲೋಚಿಸಿರಿ: ನಿಮ್ಮ ಜೀವನದಲ್ಲಿ ನೀವು ಯಾರಿಗೆ ಸೊಸೆ?' ಎಂಬಂಥ ಪ್ರಶ್ನೆಗಳನ್ನು ಕೇಳುವ ಆ ಧೀರ ಪುಸ್ತಕ, ನಮ್ಮ ಹುಡುಗಿಯ ಪ್ರಶ್ನೆ ಎದುರಾದ ಕೂಡಲೇ, ಇದನ್ನು ಪಂಡಿತರು ಎಂದೋ ಬಗೆಹರಿಸಿದ್ದಾರೆ ಎಂದು ಹೇಳಿ ಮಹಾಸಂಪುಟದ ಅದೇ ಪುಟಕ್ಕೆ ನನ್ನನ್ನು ವಾಪಸ್ ಕಳಿಸಿತು. ಭೂಮಿ ದುಂಡಗಿದೆ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದವಳಿಗೆ ಪಾಂಡಿತ್ಯವೂ ದುಂಡಗಿದೆ ಎಂದು ತೋರಿಸಿಕೊಟ್ಟದ್ದಕ್ಕೆ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ತಮ್ಮ ಕಚೇರಿಗೆ ಫೋನ್ ಮಾಡಿದಾಗ ಗುಮಾಸ್ತರೊಬ್ಬರು ಬಹಳ ಮರ್ಯಾದೆಯಿಂದ ನನ್ನ ಕಣ್ಣು ತೆರೆಸಿದರು. ಸದಸ್ಯರು ಪುಸ್ತಕವನ್ನು ಪೂರ್ತಿ ಓದುವ ಪದ್ಧತಿ ಇಲ್ಲವಂತೆ. ಕೊನೆಯ ಪುಟಗಳಲ್ಲಿರುವ ಆಕರಗಳ ಪಟ್ಟಿ ತೆರೆದು, ಯಾವ ವ್ಯಾಖ್ಯಾನವು ಬೇರೆ ವ್ಯಾಖ್ಯಾನಗಳನ್ನು ಹೆಚ್ಚು ಉಲ್ಲೇಖಿಸಿದೆಯೋ ಅದಕ್ಕೆ ಹೆಚ್ಚು ನಕ್ಷತ್ರ ಕೊಡುತ್ತಾರಂತೆ. ಅಂದರೆ ನನ್ನ ಮೂರು ಪುಸ್ತಕಗಳು ಒಂದರ ಬೆನ್ನನ್ನು ಇನ್ನೊಂದು ತಟ್ಟುತ್ತಾ ನಿಂತಿದ್ದುದನ್ನೇ ತಾವು ವಿದ್ವತ್ತೆಂದು ಗೌರವಿಸಿದ್ದೀರಿ. ಆದ್ದರಿಂದ ನನ್ನ ವಿನಂತಿ ಇಷ್ಟೆ. ದಯವಿಟ್ಟು ಮುಂದಿನ ಪಟ್ಟಿಯಲ್ಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕಕ್ಕೆ ಒಂದು ಅರ್ಧಚಂದ್ರವನ್ನಾದರೂ ಮುದ್ರಿಸಿ. ಮೂವರೂ ವ್ಯಾಖ್ಯಾನಕಾರರನ್ನು ಒಂದು ಭಾನುವಾರ ಕರೆತಂದು ಆ ಅತ್ತೆ-ಸೊಸೆಯರ ನಡುವೆ ಅದೇ ಬೆಂಚಿನಲ್ಲಿ ಕೂರಿಸಿ. ಅಲ್ಲಿ ಅವರು ಪರಸ್ಪರ ಬೆರಳು ತೋರಿಸದಂತೆ ಕೈಗಳನ್ನು ಹಿಡಿದುಕೊಳ್ಳಲು ಸಮಿತಿಯಿಂದಲೇ ಸದಸ್ಯರನ್ನು ನೇಮಿಸಿ.

ನಾಲ್ಕನೆಯ ಭಾನುವಾರ ಮೂರು ಪುಸ್ತಕಗಳನ್ನೂ ಮೇಜಿನ ಮೇಲಿಟ್ಟು, ವಿದ್ವಾಂಸರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂದು ಶುರುಮಾಡಿದೆ. ಅದು ಸುಳ್ಳು, ಅವರಲ್ಲಿ ಅಭಿಪ್ರಾಯವೇ ಇರಲಿಲ್ಲ. ಹುಡುಗಿ ತಲೆ ತಗ್ಗಿಸಿದಳು. ಆಗ ಪಕ್ಕದಲ್ಲಿದ್ದ ಅತ್ತೆ, ಮೂರು ವಾರ ನನ್ನ ಮೇಲೆ ಭರವಸೆಯಿಟ್ಟು ಬಾಯಿ ಮುಚ್ಚಿಕೊಂಡಿದ್ದವರು, ಕೂತಲ್ಲಿಂದಲೇ ಅಂದರು: "ಅಲ್ಲ ಟೀಚರ್, ಹೋಗ್ರಮ್ಮ ಅಂತ ಹೇಳಿದ್ದು ಅತ್ತೆ ತಾನೆ? ಹಾಗಾದ್ರೆ ಅತ್ತೆ ಮಾತು ಕೇಳಿದ ಸೊಸೆ ಅವಳೊಬ್ಬಳೇ ಅಲ್ವಾ?" ಆಮೇಲೆ ಸೊಸೆಯ ಕಡೆ ತಿರುಗಿ, "ನಾನೂ ಹೇಳಿದ್ದೀನಿ. ನೀನೂ ಕೇಳು," ಎಂದರು. ಹುಡುಗಿ ಅವರ ಹೆಗಲಿಗೆ ಮುಖವಿಟ್ಟು ಅತ್ತಳು. ಮಂಗಳವಾರ ತಾಯಿಯ ಮನೆಗೆ ಹೊರಟಳು.

ಮಾನ್ಯರೇ, ಒಂದು ಒಳ್ಳೆಯ ಮಾತಿಗಾಗಿ ಆ ಹುಡುಗಿ ಮೂರು ವಾರ ಕಾದಳು, ತಾನು ಪಾಪ ಮಾಡಲು ಹೊರಟಿದ್ದೇನೋ ಎಂದು ಒಳಗೊಳಗೇ ಬೇಯುತ್ತಾ. ಆ ಮಾತು ನನ್ನ ಬಳಿಯೇ ಇತ್ತು. ಕೊಡಲು ಧೈರ್ಯವಿಲ್ಲದೆ ತಮ್ಮ ನಕ್ಷತ್ರಗಳ ಹಿಂದೆ ಅಡಗಿ ಕೂತವಳು ನಾನು. ಸಿಟ್ಟು ಬಂದಿರುವುದು ನನ್ನ ಮೇಲೆಯೇ, ಪತ್ರ ಮಾತ್ರ ತಮಗೆ ಬರೆಯುವುದು ಸುಲಭವೆಂದು ಬರೆದಿದ್ದೇನೆ.

ತಮ್ಮ ಪಟ್ಟಿಯನ್ನು ಇನ್ನು ಮುಂದೆ ಆಕರಗಳ ಕಡೆಯಿಂದಲೇ ಓದಲಿರುವ,
ತಮ್ಮ ವಿಶ್ವಾಸಿ,
ಭಾನುವಾರದ ತರಗತಿಯ ಬೋಧಕಿ

ವಿ.ಸೂ.: ಅತ್ತೆ ಈಗಲೂ ತರಗತಿಗೆ ಬರುತ್ತಾರೆ, ಅದೇ ಬೆಂಚಿನಲ್ಲಿ ಒಬ್ಬರೇ ಕೂರುತ್ತಾರೆ. ಮೊನ್ನೆ ಪಾಠ ಮುಗಿದ ಮೇಲೆ ಹತ್ತಿರ ಬಂದು, ಆ ಪುಸ್ತಕದಲ್ಲಿ ವಾಪಸ್ ಹೋದ ಸೊಸೆ ಆಮೇಲೆ ಯಾವತ್ತಾದರೂ ಅತ್ತೆಯನ್ನು ನೋಡೋಕೆ ಬಂದಳಾ ಎಂದು ಕೇಳಿದರು. ಸಮಿತಿಗೆ ಉತ್ತರ ತಿಳಿದಿದ್ದರೆ ಬರೆಯಿರಿ. ತಿಳಿಯದಿದ್ದರೆ ತಿಳಿಯದು ಎಂದೇ ಬರೆಯಿರಿ, ಅವರು ತಡೆದುಕೊಳ್ಳುತ್ತಾರೆ. ದಯವಿಟ್ಟು 'ನೋಡಿ' ಎಂದು ಮಾತ್ರ ಬರೆಯಬೇಡಿ, ಅವರು ಬಾಗಿಲ ಕಡೆ ನೋಡುತ್ತಲೇ ಇದ್ದಾರೆ.