ಇಪ್ಪತ್ತು ಮೆಗಾಪಿಕ್ಸೆಲ್ಲಿನಲ್ಲಿ ಇಬ್ಬರು ಅತ್ತೆಯರು

ಗೊತ್ತಿಲ್ಲದ ವಿಷಯದಲ್ಲಿ ಮೋಸ ಹೋದವನನ್ನು ಕಂಡರೆ ಜನ ‘ಅಯ್ಯೋ ಪಾಪ’ ಎನ್ನುತ್ತಾರೆ. ತಾನೇ ಪಾಠ ಹೇಳುವ ವಿಷಯದಲ್ಲಿ ಮೋಸ ಹೋದವನಿಗೆ ಆ ಪಾಪವೂ ದಕ್ಕುವುದಿಲ್ಲ. ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಬೆಳಕು, ಮಸೂರ, ಪ್ರತಿಬಿಂಬ ಎಲ್ಲ ನನಗೆ ಬಾಯಿಪಾಠ. ಆದರೂ ಕ್ಯಾಮೆರಾ ಕೊಳ್ಳಲು ಹೋದ ದಿನ ಅಂಗಡಿಯವನು “ಇಪ್ಪತ್ತು ಮೆಗಾಪಿಕ್ಸೆಲ್ ಐತ್ರಿ ಸರ್” ಅಂದ ಕೂಡಲೇ ನನ್ನ ವಿಜ್ಞಾನವೆಲ್ಲ ಹೊರಗೆ ಚಪ್ಪಲಿಯ ಜೊತೆಗೇ ಉಳಿಯಿತು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಪುಟ್ಟ ಕ್ಯಾಮೆರಾ. ಅದರೊಳಗೆ ಇಪ್ಪತ್ತು! ನಮ್ಮ ಹೆಡ್‌ಮಾಸ್ತರರದು ಬರೀ ಹನ್ನೆರಡರದು. ಮನೆಗೆ ಬಂದು ಹೆಂಡತಿಗೆ ಇದನ್ನೇ ಹೇಳಿದೆ. “ಹನ್ನೆರಡಕ್ಕೂ ಇಪ್ಪತ್ತಕ್ಕೂ ಏನ್ ಫರಕ್ ರಿ?” ಎಂದು ಕೇಳಿದಳು. “ಎಂಟು” ಎಂದೆ. ಅದಕ್ಕಿಂತ ಹೆಚ್ಚಿನದು ನನಗೂ ಗೊತ್ತಿರಲಿಲ್ಲ.

ಗೊತ್ತಿದ್ದವನೊಬ್ಬ ಊರಲ್ಲೇ ಇದ್ದ. ಪೇಟೆಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ದಸ್ತಗೀರಸಾಬರು. ನನ್ನ ಮದುವೆಯ ಫೋಟೋ ತೆಗೆದವರೂ ಅವರೇ. ಅವರ ಡಿಜಿಟಲ್ ಕ್ಯಾಮೆರಾ ಕುಂಬಳಕಾಯಿಯಷ್ಟು ದಪ್ಪ, ಹಿಡಿಕೆಗೆ ಕರಿ ಟೇಪು ಸುತ್ತಿದ್ದು. ಅದರ ಲೆಕ್ಕ ಬರೀ ಹತ್ತು ಎಂದು ತಿಳಿದಾಗ ನನಗೆ ಅವರ ಮೇಲೆ ಕನಿಕರವೇ ಬಂತು. ನನ್ನದನ್ನು ತೋರಿಸಲೆಂದೇ ಹೋದೆ. ಅವರು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: “ಮಾಸ್ತರ್ರ, ಮಳಿ ಬಂದಾಗ ಅಂಗಳದಾಗ ಪರಾತ ಇಟ್ರ ನೀರು ಭಾಳ ತುಂಬತೈತೋ, ಸಣ್ಣ ವಾಟಗ ಇಟ್ರ ಭಾಳ ತುಂಬತೈತೋ?”

“ಪರಾತದಾಗ. ಅದರ ಬಾಯಿ ಅಗಲ ಇರತೈತಿ.”

“ಬೆಳಕೂ ಹಂಗ ರಿ. ಒಳಗ ಬೆಳಕು ಹಿಡಿಯೋ ಸೆನ್ಸರ್ ಅಂತ ಇರತೈತಿ. ನಂದು ಪರಾತ, ನಿಮ್ಮದು ವಾಟಗ. ವಾಟಗದ ನೀರು ಇಪ್ಪತ್ತು ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ ಎಷ್ಟು ಬರತೈತಿ? ಮ್ಯಾಲ ಗಾಜು ಛಲೋ ಇರಬೇಕು, ಕೈ ಅಲಗಾಡಬಾರದು. ಬಿಸಲಾಗ ನಿಮ್ಮದೂ ಛಲೋ ತಗೀತೈತಿ. ಕತ್ತಲ ಮನ್ಯಾಗ ಮಾತ್ರ ಇದನ್ನ ನಂಬಬ್ಯಾಡ್ರಿ.”

ಹತ್ತರವನಿಗೆ ಇಪ್ಪತ್ತರವನ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡು, ಚಹಾ ಕುಡಿದು ಎದ್ದು ಬಂದೆ.

ಈಗ ನನ್ನ ಅತ್ತೆಯಂದಿರ ವಿಷಯ ಹೇಳಬೇಕು. ಅತ್ತೆಯೆಂದರೆ ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ತಂಗಿಯರು. ದೊಡ್ಡವಳು ಗಂಗವ್ವ, ಸವದತ್ತಿಗೆ ಕೊಟ್ಟದ್ದು. ಸಣ್ಣವಳು ನೀಲವ್ವ, ರಾಮದುರ್ಗದ ಕಡೆಯ ಸಾಲಹಳ್ಳಿಗೆ. ಇಬ್ಬರೂ ಹದಿನಾರು ವರ್ಷ ಮಾತು ಬಿಟ್ಟಿದ್ದರು. ಯಾವುದೋ ಮದುವೆಯಲ್ಲಿ ನೀಲವ್ವ ಮಾಡಿದ ಶೇಂಗಾ ಹೋಳಿಗೆ ಮುರಿಯಲು ಹೋಗಿ ಗಂಗವ್ವ, ಬೀಗರೆಲ್ಲ ಕೂತ ಪಂಕ್ತಿಯಲ್ಲೇ, “ಇದನ್ನ ಮನಿ ಮ್ಯಾಲ ಹೆಂಚ ಮಾಡಿ ಹೊದಸ್ರಿ” ಅಂದುಬಿಟ್ಟಳು. ಅಷ್ಟೇ. ಒಬ್ಬಳು ಬರುವ ಕಾರ್ಯಕ್ಕೆ ಇನ್ನೊಬ್ಬಳು ಬರುತ್ತಿರಲಿಲ್ಲ. ಬಂದರೂ ಒಬ್ಬಳು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬಳು ಪಡಸಾಲೆಯಲ್ಲಿ.

ಕಿತ್ತೂರಿನಲ್ಲಿ ನನ್ನ ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು. ಅಕ್ಕ ಫೋನು ಮಾಡಿ, “ಬರಬೇಕಾದ್ರ ದಸ್ತಗೀರಸಾಬರನ್ನ ಕರಕೊಂಡು ಬಾರೋ, ಅತ್ತಿಗೋಳು ಇಬ್ಬರೂ ಬರಾಕ ಹತ್ಯಾರ, ಫೋಟೋ ಆಗಲಿ” ಅಂದಳು. “ಅವರ ಯಾಕ? ನಂದ ಇಪ್ಪತ್ತರದು ಐತಲ್ಲ” ಅಂದೆ. ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ವಾಪಸು ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ.

ಅಕ್ಕನ ಮನೆ ಹಳೆಯದು. ಗೋಡೆಗಳು ಎರಡು ಮೊಳ ದಪ್ಪ, ಪಡಸಾಲೆಗೆ ಇರುವುದು ಒಂದೇ ಕಿಟಕಿ. ಊಟಕ್ಕೆ ನೀಲವ್ವ ಸಾಲಹಳ್ಳಿಯಿಂದ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಗಂಗವ್ವ ಒಂದು ತಿಂದಳು, ಸುಮ್ಮನೆ ಇನ್ನೊಂದು ತಿಂದಳು. ಮೂರನೆಯದಕ್ಕೆ ಕೈ ಚಾಚಿದಾಗ ಅಡುಗೆಮನೆಯಿಂದ ನೀಲವ್ವನ ದನಿ ಬಂತು: “ಹೆಂಚು ಇನ್ನೂ ಬೇಕಂತೇನ ಕೇಳ್ರಿ ಅಕಿಗೆ!” ಪಂಕ್ತಿಯಲ್ಲಿದ್ದವರ ಕೈ ಬಾಯಿಯ ಹತ್ತಿರವೇ ನಿಂತವು. ಗಂಗವ್ವ ತಲೆ ಎತ್ತಿ, “ಬೇಕವಾ. ನಮ್ಮ ಮನಿ ಸೋರಾಕ ಹತ್ತೈತಿ” ಅಂದಳು. ಒಳಗೆ ನೀಲವ್ವ ನಕ್ಕಳು, ಹೊರಗೆ ಇವಳು ನಕ್ಕಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಜಮಖಾನದ ಮೇಲೆ ಮೈಗೆ ಮೈ ಹತ್ತಿ ಕೂತು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ನಗುತ್ತಲೇ ಅಳುತ್ತಿದ್ದರು.

“ಬಸು, ಫೋಟೋ!” ಎಂದು ಅಕ್ಕ ಕೂಗಿದಳು. ಹೋಳಿಗೆಗೆ ತುಪ್ಪ ಸವರಿಕೊಂಡಿದ್ದ ಕೈಯನ್ನು ಧೋತರಕ್ಕೆ ಒರೆಸಿ ಕ್ಯಾಮೆರಾ ತೆಗೆದೆ. ಆಗಲೇ ನಾಲ್ಕೈದು ಮಂದಿ ಮೊಬೈಲು ಎತ್ತಿದ್ದರು. “ಸರೀರಿ, ಅಡ್ಡ ಬರಬ್ಯಾಡ್ರಿ, ಅದರಾಗೇನ್ ಬರತೈತಿ” ಎಂದು ಅವರನ್ನೆಲ್ಲ ಹಿಂದೆ ಕಳಿಸಿದೆ. ನಾನು ನಿಂತದ್ದು ಬಾಗಿಲಲ್ಲಿ. ನಾಲ್ಕು ಹೆಜ್ಜೆ ಮುಂದೆ ಹೋಗುವ ಬದಲು ಗುಂಡಿ ಒತ್ತಿ ದೂರದ್ದನ್ನು ಹತ್ತಿರ ಎಳೆದುಕೊಂಡೆ. ಫ್ಲ್ಯಾಶ್ ಬೇಕೆಂದು ಕ್ಯಾಮೆರಾ ಮಿಂಚಿನ ಗುರುತು ತೋರಿಸಿತು. ಸಹಜ ಬೆಳಕೇ ಚೆಂದವೆಂದು ಫ್ಲ್ಯಾಶನ್ನು ಬಂದ್ ಮಾಡಿದೆ. ಆಮೇಲೆ ಪರದೆಯ ಮೇಲೆ ಒಂದು ಕೈಯ ಚಿತ್ರ ಮಿಣುಕತೊಡಗಿತು. ‘ನಿನ್ನ ಕೈ ಅಲುಗುತ್ತಿದೆ’ ಎಂದು ಅದು ಹೇಳುತ್ತಿತ್ತಂತೆ. ನಾನು ಆಶೀರ್ವಾದ ಎಂದು ತಿಳಿದೆ.

“ಛಲೋ ಬಂದೇವೇನೋ?” ಎಂದಳು ನೀಲವ್ವ.

“ಇಪ್ಪತ್ತು ಮೆಗಾಪಿಕ್ಸೆಲ್ ಅತ್ತಿ. ಕಣ್ಣಿನ ರೆಪ್ಪಿ ಎಣಿಸಬಹುದು” ಎಂದೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ರೆಪ್ಪೆ ಹಾಗಿರಲಿ, ಕಣ್ಣೇ ಇರಲಿಲ್ಲ. ಇಬ್ಬರ ಮುಖದ ಮೇಲೂ ಜೋಳದ ಹಿಟ್ಟು ಚೆಲ್ಲಿದಂತೆ ಕಾಳುಕಾಳು. ಕೈ ಅಲುಗಿ ಒಂದು ಮೂಗು ಎರಡಾಗಿತ್ತು. ಕ್ಯಾಮೆರಾದ ಗಾಜಿಗೆ ಮೆತ್ತಿದ ತುಪ್ಪ ಎಲ್ಲದರ ಮೇಲೂ ಮಂಜು ಕವಿಸಿತ್ತು. ಹದಿನೇಳು ಫೋಟೋ, ಹದಿನೇಳೂ ಹಾಗೆಯೇ. ಯಾರಿಗೂ ಹೇಳಲಿಲ್ಲ. ಈಗ ಇಬ್ಬರೂ ಮಾತಾಡುತ್ತಾರಲ್ಲ, ಮುಂದಿನ ಕಾರ್ಯದಲ್ಲಿ ತೆಗೆದರಾಯಿತು ಎಂದುಕೊಂಡೆ.

ಮೂರು ತಿಂಗಳಿಗೆ ನೀಲವ್ವ ತೀರಿಕೊಂಡಳು. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತವಳು ಎದೆ ಹಿಡಿದುಕೊಂಡಳಂತೆ.

ಸಾಲಹಳ್ಳಿಯಲ್ಲಿ ಮಣ್ಣು ಮುಗಿಸಿ ಹೊರಟಾಗ ಗಂಗವ್ವ ನನ್ನ ತೋಳು ಹಿಡಿದು, “ಅವತ್ತಿಂದು ಫೋಟೋ ದೊಡ್ಡದು ಮಾಡಿಸಿ ಕೊಡಪಾ” ಅಂದಳು. ದಸ್ತಗೀರಸಾಬರ ಬಳಿಗೆ ಓಡಿದೆ. ಅವರು ಅರ್ಧ ದಿನ ಕಂಪ್ಯೂಟರಿನ ಮುಂದೆ ಕೂತು ಏನೇನೋ ಮಾಡಿದರು. ಕೊನೆಗೆ ಕನ್ನಡಕ ತೆಗೆದು, “ಬಂದಿದ್ರ ತಗದು ತೋರಸ್ತಿದ್ದೆ ಮಾಸ್ತರ್ರ. ಬರಲಾರದ್ದು ಎಲ್ಲಿಂದ ತರಲಿ?” ಅಂದರು. ‘ನಾ ಅವತ್ತ ಹೇಳಿದ್ದೆ’ ಎನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಇದ್ದುದರಲ್ಲಿ ಒಂದಕ್ಕೆ ಕಟ್ಟು ಹಾಕಿಸಿಕೊಂಡು ಸವದತ್ತಿಗೆ ಹೋದೆ. ಗಂಗವ್ವ ಅದನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. “ಎಷ್ಟು ಚಂದ ಬಂದೈತೋ! ನೋಡ, ನಗಾಕ ಹತ್ಯಾಳ. ಮುಂದಿನ ಮುರಕ ಹಲ್ಲ ಸೈತ ಕಾಣತೈತಿ.” ನಾನು ಬಗ್ಗಿ ನೋಡಿದೆ. ಹಲ್ಲು ಇರಬೇಕಾದಲ್ಲಿ ಬಿಳಿಯ ಮಬ್ಬು ಮಾತ್ರವಿತ್ತು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದದ್ದು ನನಗೆ ಆಗ ನೆನಪಾಯಿತು. ನಿಜ ಹೇಳಬಹುದಿತ್ತು. ಅಕ್ಕಪಕ್ಕದವರನ್ನು ಕರೆದು ಅವಳು ನನ್ನನ್ನು ಹೊಗಳುತ್ತಿದ್ದಳು. ಅವರು ಚಿತ್ರವನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೂಂ ಅನ್ನುತ್ತಿದ್ದರು. ನಾನು ಉಪ್ಪಿಟ್ಟು ತಿಂದು ಬಂದೆ.

ಒಂದು ವರ್ಷ ಅದು ಗೋಡೆಯ ಮೇಲಿತ್ತು. ಆಮೇಲೆ ಅವಳ ಮಗ ಬೆಳಗಾವಿಗೆ ಕರೆದುಕೊಂಡು ಹೋಗಿ ಕಣ್ಣಿನ ಆಪರೇಶನ್ ಮಾಡಿಸಿದ. ಕೆಲ ದಿನಕ್ಕೆ ನನಗೆ ಬುಲಾವು ಬಂತು. ಹೋದಾಗ ಫೋಟೋ ಅವಳ ತೊಡೆಯ ಮೇಲಿತ್ತು.

“ಬಸು, ಇದರಾಗ ನನ್ನ ತಂಗಿ ಎಲ್ಲಿ ಅದಾಳ?”

ಬೆರಳಿಟ್ಟು ತೋರಿಸಿದೆ.

“ಇದು ಯಾರರ ಆಗಬಹುದಲ್ಲೋ” ಎಂದಳು. ಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿ, “ಆಪರೇಶನ್‌ಕಿಂತ ಮದಲ ಛಲೋ ಕಾಣತಿದ್ಲು. ಕಣ್ಣು ಬಂತು, ಅಕಿ ಹೋದ್ಲು” ಎಂದಳು.

ಎಲ್ಲ ಹೇಳಿಬಿಟ್ಟೆ. ಅಕ್ಕ ಹೇಳಿದ್ದನ್ನು ಕೇಳಲಿಲ್ಲವೆಂದೆ, ಮೊಬೈಲಿನವರನ್ನು ಹಿಂದೆ ಕಳಿಸಿದೆನೆಂದೆ, ತುಪ್ಪದ ಕೈಯನ್ನೂ ಬಿಡಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. “ಆತು ಬಿಡು. ನಂದರ ಒಂದು ಸರಿಯಾಗಿ ತಗದಿಡು. ನಾಳೆ ನನ್ನ ಮಕ್ಕಳು ಹಿಂಗ ಹುಡುಕಕೋತ ಕುಂಡರಬಾರದು” ಎಂದಳು.

ಮರುವಾರ ಅದೇ ಕ್ಯಾಮೆರಾ ಹಿಡಿದು ಮತ್ತೆ ಹೋದೆ. ಅತ್ತೆಯನ್ನು ಅಂಗಳದ ಬೆಳಕಿಗೆ ಕೂರಿಸಿದೆ. ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿದೆ. ಗುಂಡಿ ಒತ್ತಿ ಎಳೆಯದೆ ನಡೆದೇ ಹತ್ತಿರ ಹೋದೆ. ಮೊಣಕೈಗಳನ್ನು ಕಟ್ಟೆಗೆ ಊರಿ, ಉಸಿರು ಬಿಗಿಹಿಡಿದು ಒತ್ತಿದೆ. ದಸ್ತಗೀರಸಾಬರು ಪ್ರಿಂಟು ತೆಗೆದುಕೊಡುತ್ತ “ಭಾರಿ ಬಂದೈತ್ರಿ” ಎಂದರು. ನೆರಿಗೆ ನೆರಿಗೆಯೂ, ಹಣೆಯ ವಿಭೂತಿಯ ಮೂರು ಗೆರೆಯೂ ಬೇರೆ ಬೇರೆ ಕಾಣುತ್ತಿದ್ದವು.

ಒಯ್ದು ಕೊಟ್ಟೆ. ಗಂಗವ್ವ ಹೊಸ ಕಣ್ಣಿನಿಂದ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಅದ ಕ್ಯಾಮೆರಾ ಏನೋ?”

“ಹೌದು ಅತ್ತಿ.”

“ತಗದಾಂವನೂ ನೀನ?”

“ಹೌದು.”

“ಇಷ್ಟು ಚಂದ ತಗಿಯಾಕ ಬರತೈತಿ. ಹಂಗಾರ ಅವತ್ತ ಏನಾಗಿತ್ತೋ ನಿನಗ?”

ಬಸ್ಸಿನ ಹೊತ್ತಾಯಿತು ಎಂದು ಎದ್ದೆ. ಬೈಲಹೊಂಗಲಕ್ಕೆ ಆ ಹೊತ್ತಿಗೆ ಬಸ್ಸೇ ಇರಲಿಲ್ಲ. ಸವದತ್ತಿಯ ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ಕೂತೆ.